‘ತಾಂತ್ರಿಕ ಕಾರಣ’ದ ಹಿಂದೆ ಕುಳಿತವರು

ಶಿವಮೊಗ್ಗದ ಹೊರವಲಯದ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣವು 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡು, ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಾಣಿಜ್ಯ ವಿಮಾನ ಬಂದಿಳಿದ ಮೇಲೆ, ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಜನರ ಮಾತಿನಲ್ಲಿ ಕೆಲವು ಹೊಸ ಪದಗಳು ಸೇರಿಕೊಂಡಿವೆ. ಬೋರ್ಡಿಂಗ್ ಪಾಸು, ಚೆಕ್-ಇನ್, ಲಗೇಜಿನ ತೂಕ ಮೊದಲಾದವುಗಳ ಜೊತೆಗೆ ಬಂದ ಇನ್ನೊಂದು ನುಡಿಗಟ್ಟು ‘ತಾಂತ್ರಿಕ ಕಾರಣ’. ಶಿಕಾರಿಪುರದಿಂದ 50 ಕಿ.ಮೀ.ಗೂ ಹೆಚ್ಚು ದೂರವನ್ನು, ಸೊರಬ, ಆನವಟ್ಟಿಗಳಿಂದಾದರೆ ಅದಕ್ಕಿಂತಲೂ ಹೆಚ್ಚಿನ ದೂರವನ್ನು ಕ್ರಮಿಸಿ ಬಂದ ಪ್ರಯಾಣಿಕರಿಗೆ, ವಿಮಾನವು ತಾಂತ್ರಿಕ ಕಾರಣದಿಂದ ತಡವಾಗಲಿದೆ ಎಂಬ ಪ್ರಕಟಣೆ ಕೇಳಿಸಿದಾಗ ಅದರ ಹಿಂದೆ ಏನು ನಡೆಯುತ್ತಿದೆ ಎಂಬುದು ತಿಳಿಯುವುದಿಲ್ಲ. ಪೈಲಟ್ ಕಾಣುತ್ತಾರೆ, ಗಗನಸಖಿಯರು ಕಾಣುತ್ತಾರೆ, ಹಳದಿ ಮೇಲಂಗಿ ತೊಟ್ಟ ಎಂಜಿನಿಯರ್ ಕೂಡ ಗಾಜಿನಾಚೆ ಓಡಾಡುವುದು ಕಾಣುತ್ತದೆ. ಆದರೆ ಆ ವಿಮಾನ ಯಾವಾಗ ಮತ್ತು ಯಾವ ಷರತ್ತಿನ ಮೇಲೆ ಹಾರಬಹುದು, ಬೇಕಾದ ಬಿಡಿಭಾಗ ಎಲ್ಲಿದೆ, ಅದನ್ನು ಯಾರು ತರಬೇಕು ಎಂಬುದನ್ನೆಲ್ಲ ಬೇರೊಂದು ಊರಿನ ಕೋಣೆಯೊಂದರಲ್ಲಿ ಕುಳಿತು ಹೊಂದಿಸುತ್ತಿರುವ ವಿಮಾನ ನಿರ್ವಹಣಾ ಸಂಯೋಜಕರು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ವಿಮಾನ ಕಂಪನಿಗಳಲ್ಲಿ ಮೇಂಟೆನೆನ್ಸ್ ಕೋಆರ್ಡಿನೇಟರ್ ಎಂದು ಕರೆಯಲಾಗುವ ಈ ನೌಕರರು ಸಾಮಾನ್ಯವಾಗಿ ಮೇಂಟೆನೆನ್ಸ್ ಕಂಟ್ರೋಲ್ ಸೆಂಟರ್, ಅಂದರೆ ‘ಎಂಸಿಸಿ’ ಎಂಬ ನಿಯಂತ್ರಣ ಕೇಂದ್ರದಲ್ಲಿ ದಿನದ 24 ಗಂಟೆಯೂ ಪಾಳಿಯಂತೆ ಕೆಲಸ ಮಾಡುತ್ತಾರೆ. ಕಂಪನಿಯ ಪ್ರತಿಯೊಂದು ವಿಮಾನವೂ ಈ ಕ್ಷಣದಲ್ಲಿ ಎಲ್ಲಿದೆ, ಅದರ ಮೇಲೆ ಯಾವ ಯಾವ ದೋಷಗಳು ಬಾಕಿ ಇವೆ, ಮುಂದಿನ ತಪಾಸಣೆಗೆ ಇನ್ನೆಷ್ಟು ಗಂಟೆಗಳ ಹಾರಾಟ ಉಳಿದಿದೆ, ಇಂದು ರಾತ್ರಿ ಅದು ಯಾವ ಊರಿನಲ್ಲಿ ತಂಗಲಿದೆ ಎಂಬ ವಿವರಗಳು ಅವರೆದುರಿನ ಪರದೆಯ ಮೇಲೆ ಇರುತ್ತವೆ. ಸ್ಪ್ಯಾನರ್ ಹಿಡಿಯುವುದು ಅವರ ಕೆಲಸವಲ್ಲ. ಸ್ಪ್ಯಾನರ್ ಹಿಡಿಯುವವರು, ಬಿಡಿಭಾಗ ಕೊಡುವ ಉಗ್ರಾಣದವರು, ಹಾರಾಟದ ವೇಳಾಪಟ್ಟಿ ನೋಡಿಕೊಳ್ಳುವವರು ಮತ್ತು ಪೈಲಟ್‌ಗಳು, ಈ ನಾಲ್ಕು ಗುಂಪುಗಳ ನಡುವೆ ಮಾಹಿತಿಯು ಸೋರಿಹೋಗದಂತೆ ಸಾಗಿಸುವುದೇ ಅವರ ವೃತ್ತಿಯ ತಿರುಳು.

ಈ ವೃತ್ತಿಯ ಮಿತಿಯನ್ನು ಅರಿಯಲು ಕಾನೂನಿನ ಚೌಕಟ್ಟನ್ನು ಸ್ವಲ್ಪಮಟ್ಟಿಗಾದರೂ ತಿಳಿಯಬೇಕಾಗುತ್ತದೆ. ಭಾರತದಲ್ಲಿ 1934ರ ವಿಮಾನ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ‘ಭಾರತೀಯ ವಾಯುಯಾನ ಅಧಿನಿಯಮ, 2024’ ಜಾರಿಗೆ ಬಂದಿದ್ದು, ಅದರ ಅಡಿಯಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಸುರಕ್ಷತೆಯ ನಿಯಮಗಳನ್ನು ನೋಡಿಕೊಳ್ಳುತ್ತದೆ. ವಿಮಾನದ ಹಾರಾಟ ಯೋಗ್ಯತೆಯನ್ನು ಸದಾ ಕಾಯ್ದುಕೊಳ್ಳುವ ಹೊಣೆ ಅದನ್ನು ಓಡಿಸುವ ಕಂಪನಿಯದು. ದುರಸ್ತಿ ಮಾಡುವ ಸಂಸ್ಥೆಗೆ ಪ್ರತ್ಯೇಕ ಮಾನ್ಯತೆ ಬೇಕು. ದುರಸ್ತಿಯ ನಂತರ ವಿಮಾನವನ್ನು ಸೇವೆಗೆ ಬಿಡಬಹುದೆಂದು ಸಹಿ ಮಾಡುವ ಅಧಿಕಾರ ಪರವಾನಗಿ ಪಡೆದ ವಿಮಾನ ನಿರ್ವಹಣಾ ಎಂಜಿನಿಯರ್‌ಗೆ ಮಾತ್ರ ಇರುತ್ತದೆ. ಈ ಪರವಾನಗಿಯಲ್ಲಿಯೂ ವರ್ಗಗಳಿದ್ದು, ಎಂಜಿನ್ ಮತ್ತು ವಿಮಾನದ ಒಡಲಿಗೆ ಸಂಬಂಧಿಸಿದ್ದು ಬಿ-1, ವಿದ್ಯುನ್ಮಾನ ಉಪಕರಣಗಳಿಗೆ ಸಂಬಂಧಿಸಿದ್ದು ಬಿ-2, ಹ್ಯಾಂಗರಿನಲ್ಲಿ ನಡೆಯುವ ದೊಡ್ಡ ತಪಾಸಣೆಗಳ ನಂತರ ಇಡೀ ವಿಮಾನಕ್ಕೆ ಸಹಿ ಮಾಡುವುದು ಸಿ ವರ್ಗ. ಸಂಯೋಜಕರು ತಮ್ಮ ಮೇಜಿನ ಹಿಂದಿನಿಂದ ಇಂತಹ ಸಹಿಯನ್ನು ಮಾಡುವಂತಿಲ್ಲ, ಸಹಿ ಮಾಡುವಂತೆ ಒತ್ತಡ ಹೇರುವಂತೆಯೂ ಇಲ್ಲ. ಅಧಿಕಾರವಿಲ್ಲದೆ ಹೊಣೆಯಿರುವ ಕೆಲಸ ಇದು. ಒಳ್ಳೆಯ ಸಂಯೋಜಕರಿಗೂ ಕೆಟ್ಟವರಿಗೂ ಇರುವ ವ್ಯತ್ಯಾಸ ಹುಟ್ಟುವುದು ಇಲ್ಲಿಯೇ.

ಸೋಗಾನೆಯಂತಹ ಸಣ್ಣ ನಿಲ್ದಾಣವನ್ನು ಉದಾಹರಣೆಗೆ ತೆಗೆದುಕೊಂಡರೆ ಕೆಲಸದ ಸ್ವರೂಪ ಸ್ಪಷ್ಟವಾಗುತ್ತದೆ. ಇಲ್ಲಿಗೆ ಮೊದಲು ಬಂದದ್ದು ಎಟಿಆರ್-72 ಎಂಬ, ಎರಡು ಪ್ರೊಪೆಲ್ಲರುಗಳ, 80ಕ್ಕಿಂತ ಕಡಿಮೆ ಆಸನಗಳ ವಿಮಾನ. 2023ರ ನವೆಂಬರಿನಲ್ಲಿ ಬೆಂಗಳೂರು ಮೂಲದ ಸ್ಟಾರ್ ಏರ್ ಕಂಪನಿಯೂ ಹೈದರಾಬಾದ್, ತಿರುಪತಿ, ಗೋವಾಗಳಿಗೆ ಸೇವೆ ಆರಂಭಿಸಿತು. ಇಂತಹ ವಿಮಾನ ಬಂದಿಳಿದು, ಪ್ರಯಾಣಿಕರನ್ನು ಇಳಿಸಿ, ಹೊಸಬರನ್ನು ಹತ್ತಿಸಿಕೊಂಡು ಮರಳುವುದಕ್ಕೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಇದಕ್ಕೆ ಟರ್ನ್‌ಅರೌಂಡ್ ಎನ್ನುತ್ತಾರೆ. ಈ ಅವಧಿಯಲ್ಲಿ ವಿಮಾನದ ಸುತ್ತ ನಡೆದು ಟೈರು, ಬ್ರೇಕು, ಪ್ರೊಪೆಲ್ಲರ್, ಎಣ್ಣೆ ಸೋರಿಕೆ ಮೊದಲಾದವನ್ನು ಕಣ್ಣಿನಿಂದ ಪರಿಶೀಲಿಸಲಾಗುತ್ತದೆ. ಹಾರಾಟದಲ್ಲಿ ಪೈಲಟ್ ಗಮನಿಸಿದ ದೋಷವನ್ನು, ಈ ವೃತ್ತಿಯವರ ಬಾಯಲ್ಲಿ ಹೇಳುವುದಾದರೆ ‘ಸ್ನ್ಯಾಗ್’ ಅನ್ನು, ಟೆಕ್ ಲಾಗ್ ಎಂಬ ದಾಖಲೆ ಪುಸ್ತಕದಲ್ಲಿ ಬರೆಯಲಾಗುತ್ತದೆ. ಒಮ್ಮೆ ಅಲ್ಲಿ ಬರೆದ ಮೇಲೆ ಆ ದೋಷಕ್ಕೆ ಉತ್ತರವಾಗಿ ಇನ್ನೊಂದು ಬರಹ ಮತ್ತು ಸಹಿ ಬೀಳುವ ತನಕ ವಿಮಾನ ನೆಲ ಬಿಡುವಂತಿಲ್ಲ. ದೊಡ್ಡ ನಿಲ್ದಾಣಗಳಲ್ಲಿ ಇದಕ್ಕೆ ಉತ್ತರಿಸಲು ತಂಡವೇ ಇರುತ್ತದೆ; ಸಣ್ಣ ನಿಲ್ದಾಣಗಳಲ್ಲಿ ಹ್ಯಾಂಗರ್ ಇರುವುದಿಲ್ಲ, ಬಿಡಿಭಾಗಗಳ ಉಗ್ರಾಣ ಹೆಸರಿಗಷ್ಟೇ ಇರುತ್ತದೆ. ಹಾಗಾಗಿ ಅಲ್ಲಿಂದ ಹೊರಡುವ ಮೊದಲ ಫೋನ್ ಕರೆ ಎಂಸಿಸಿಗೆ.

ಆ ಕರೆ ಬಂದಾಗ ಸಂಯೋಜಕರ ಮುಂದೆ ಏಳುವ ಮೊದಲ ಪ್ರಶ್ನೆ, ದೋಷವನ್ನು ಈಗಲೇ ಸರಿಪಡಿಸಬೇಕೇ ಅಥವಾ ನಿಯಮಬದ್ಧವಾಗಿ ಮುಂದೂಡಬಹುದೇ ಎಂಬುದು. ವಿಮಾನಗಳಲ್ಲಿ ಅನೇಕ ಉಪಕರಣಗಳು ಜೋಡಿಯಾಗಿ ಇರುವುದರಿಂದ, ಯಾವುದು ಕೆಟ್ಟರೂ ಹಾರಬಹುದು, ಎಷ್ಟು ದಿನ ಹಾರಬಹುದು, ಯಾವ ಎಚ್ಚರಿಕೆಯೊಂದಿಗೆ ಹಾರಬಹುದು ಎಂಬುದನ್ನು ಮೊದಲೇ ನಿರ್ಧರಿಸಿ ಸಿದ್ಧಪಡಿಸಿದ ಪುಸ್ತಕವೊಂದಿದೆ. ಕನಿಷ್ಠ ಉಪಕರಣಗಳ ಪಟ್ಟಿ ಎಂದು ಹೇಳಬಹುದಾದ ಇದನ್ನು ಎಲ್ಲರೂ ‘ಎಂಇಎಲ್’ ಎಂದೇ ಕರೆಯುತ್ತಾರೆ. ಇದರಲ್ಲಿ ದೋಷಗಳನ್ನು ಎ, ಬಿ, ಸಿ, ಡಿ ಎಂದು ವರ್ಗೀಕರಿಸಲಾಗಿದ್ದು, ಎ ವರ್ಗದ ದೋಷಕ್ಕೆ ಅದರದರದೇ ಗಡುವು ಇರುತ್ತದೆ; ಬಿ ವರ್ಗದ್ದನ್ನು 3 ದಿನಗಳಲ್ಲಿ, ಸಿ ವರ್ಗದ್ದನ್ನು 10 ದಿನಗಳಲ್ಲಿ, ಡಿ ವರ್ಗದ್ದನ್ನು 120 ದಿನಗಳಲ್ಲಿ ಸರಿಪಡಿಸಲೇಬೇಕು, ದೋಷ ದಾಖಲಾದ ದಿನವನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉದಾಹರಣೆಗೆ, ಒಳಗಿನ ಗಾಳಿಯ ಒತ್ತಡ ಮತ್ತು ತಂಪನ್ನು ಕಾಯುವ ಎರಡು ಘಟಕಗಳ ಪೈಕಿ ಒಂದು ಕೆಲಸ ಮಾಡದಿದ್ದರೆ ವಿಮಾನವು ಕಡಿಮೆ ಎತ್ತರದಲ್ಲಿ ಹಾರಬೇಕಾಗಬಹುದು; ಕಡಿಮೆ ಎತ್ತರದಲ್ಲಿ ಹಾರಿದರೆ ಇಂಧನ ಹೆಚ್ಚು ಖರ್ಚಾಗುತ್ತದೆ; ಇಂಧನ ಹೆಚ್ಚು ತುಂಬಿದರೆ ಪ್ರಯಾಣಿಕರ ಅಥವಾ ಸರಂಜಾಮಿನ ತೂಕಕ್ಕೆ ಕತ್ತರಿ ಬೀಳಬಹುದು. ಈ ಸರಪಳಿಯ ಪ್ರತಿ ಕೊಂಡಿಗೂ ಸುದ್ದಿ ಮುಟ್ಟಿಸುವುದು ಸಂಯೋಜಕರ ಪಾಲಿಗೆ ಬರುತ್ತದೆ. ದೋಷ ಮುಂದೂಡಿದ್ದನ್ನು ಎಂಜಿನಿಯರ್ ಬರೆದು ಸಹಿ ಮಾಡಿ, ಪೈಲಟ್ ಅದನ್ನು ಓದಿ ಒಪ್ಪಿದ ಮೇಲೆಯೇ ವಿಮಾನ ಹೊರಡುತ್ತದೆ. ದೋಷವಿಟ್ಟುಕೊಂಡು ಹಾರುವುದೆಂದರೆ ನಿರ್ಲಕ್ಷ್ಯವೆಂದು ಪ್ರಯಾಣಿಕರಿಗೆ ಅನ್ನಿಸುವುದು ಸಹಜವಾದರೂ, ಎಂಇಎಲ್ ಪ್ರಕಾರ ಹಾರುವ ವಿಮಾನವು ಕಾನೂನಿನ ಕಣ್ಣಿನಲ್ಲಿಯೂ ಎಂಜಿನಿಯರಿಂಗ್ ದೃಷ್ಟಿಯಲ್ಲಿಯೂ ಸುರಕ್ಷಿತವೇ ಸರಿ; ಅಪಾಯವಿರುವುದು ಆ ಪುಸ್ತಕವನ್ನು ಅರ್ಧ ಓದಿದಾಗ ಅಥವಾ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಪ್ಪಾಗಿ ತಿಳಿದಾಗ. 1983ರ ಜುಲೈ 23ರಂದು ಕೆನಡಾದಲ್ಲಿ 69 ಜನರನ್ನು ಹೊತ್ತ ಬೋಯಿಂಗ್ 767 ವಿಮಾನವೊಂದು, ಇಂಧನ ಮಾಪಕ ಕೆಟ್ಟಿರುವ ಬಗ್ಗೆ ಎಂಜಿನಿಯರ್‌ಗಳಿಂದ ಪೈಲಟ್‌ಗಳಿಗೆ ಹರಿದ ಮಾಹಿತಿ ಕಲಸಿಹೋಗಿ, ಅದರ ಮೇಲೆ ಕಿಲೋಗ್ರಾಂ ಮತ್ತು ಪೌಂಡುಗಳ ಲೆಕ್ಕವೂ ತಪ್ಪಿ, ನಡುಗಗನದಲ್ಲಿ ಇಂಧನ ಬರಿದಾಗಿ ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ತೇಲುತ್ತ ಇಳಿದದ್ದು ಇದಕ್ಕೆ ಪ್ರಸಿದ್ಧ ಸಾಕ್ಷಿ. ಅದೃಷ್ಟವಶಾತ್ ಯಾರೂ ಸಾಯಲಿಲ್ಲ.

ಮುಂದೂಡಲಾಗದ ದೋಷವಾಗಿದ್ದರೆ ವಿಮಾನವನ್ನು ‘ಎಒಜಿ’, ಅಂದರೆ ನೆಲದ ಮೇಲೆ ಸಿಕ್ಕಿಬಿದ್ದ ವಿಮಾನ, ಎಂದು ಘೋಷಿಸಲಾಗುತ್ತದೆ. ಈ ಮೂರು ಅಕ್ಷರಗಳು ಬಿದ್ದ ಕೂಡಲೇ ಸಂಯೋಜಕರ ಮೇಜಿನ ವೇಗವೇ ಬದಲಾಗುತ್ತದೆ. ಬೇಕಾದ ಭಾಗದ ಸಂಖ್ಯೆ ಯಾವುದು, ಅದು ಬೆಂಗಳೂರಿನ ಉಗ್ರಾಣದಲ್ಲಿದೆಯೇ ಅಥವಾ ಹೈದರಾಬಾದ್, ಚೆನ್ನೈಗಳಿಂದ ಬರಬೇಕೇ, ಬೇರೆ ಕಂಪನಿಯಿಂದ ಸಾಲ ಪಡೆಯಬಹುದೇ, ಹ್ಯಾಂಗರಿನಲ್ಲಿ ನಿಂತಿರುವ ಇನ್ನೊಂದು ವಿಮಾನದಿಂದ ಬಿಚ್ಚಿ ತರಬಹುದೇ ಎಂಬುದನ್ನೆಲ್ಲ ಏಕಕಾಲಕ್ಕೆ ವಿಚಾರಿಸಬೇಕು. ಭಾಗ ಸಿಕ್ಕರೆ ಸಾಲದು. ಅದು ಮಾನ್ಯತೆ ಪಡೆದ ಸಂಸ್ಥೆಯಿಂದ ಬಂದದ್ದೆಂದು ಸಾರುವ ಪ್ರಮಾಣಪತ್ರ ಜೊತೆಗಿರಬೇಕು. ಕಾಗದವಿಲ್ಲದ ಭಾಗ ಎಷ್ಟೇ ಹೊಚ್ಚ ಹೊಸದಾಗಿದ್ದರೂ ವಿಮಾನದ ಮಟ್ಟಿಗೆ ಅದು ಗುಜರಿಗೆ ಸಮ. ಭಾಗದ ಜೊತೆಗೆ ಅದನ್ನು ಕೂಡಿಸುವ ಪರವಾನಗಿಯುಳ್ಳ ಎಂಜಿನಿಯರ್, ವಿಶೇಷ ಸಲಕರಣೆ, ಚಕ್ರ ಬದಲಿಸುವುದಾದರೆ ಜಾಕ್, ಇವೆಲ್ಲವೂ ಹೊರಡಬೇಕು. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಮುಂದಿನ ವಿಮಾನವೇ ಇಲ್ಲದಿದ್ದರೆ ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿಗಳನ್ನು ಹಾದು ಸುಮಾರು 300 ಕಿ.ಮೀ. ರಸ್ತೆಯಲ್ಲಿ ಕಾರೇ ಗತಿ. ಸೋಗಾನೆಯಲ್ಲಿ ಆರಂಭದ ದಿನಗಳಲ್ಲಿ ಹಗಲಿನ ಹಾರಾಟ ಮಾತ್ರ ನಡೆಯುತ್ತಿತ್ತು; ಅಂತಹ ಕಡೆ ಸಂಜೆಯೊಳಗೆ ದುರಸ್ತಿ ಮುಗಿಯದಿದ್ದರೆ ವಿಮಾನ ಮರುದಿನ ಬೆಳಗಿನ ತನಕ ಅಲ್ಲಿಯೇ ಉಳಿಯಬೇಕಾಗುತ್ತದೆ.

ಈ ಹೊತ್ತಿನಲ್ಲಿ ಸಂಯೋಜಕರಿಂದ ಎಲ್ಲರೂ ಕೇಳುವುದು ಒಂದೇ: ಎಷ್ಟು ಹೊತ್ತಿಗೆ ಸರಿಯಾಗುತ್ತದೆ? ಪೈಲಟ್‌ಗಳ ಕರ್ತವ್ಯದ ಅವಧಿಗೆ ಕಾನೂನಿನ ಮಿತಿ ಇರುವುದರಿಂದ, ವಿಮಾನ ಸರಿಯಾಗುವ ವೇಳೆಗೆ ಅವರ ಅವಧಿ ಮುಗಿದಿದ್ದರೆ ಬೇರೆ ಪೈಲಟ್‌ಗಳನ್ನು ತರಬೇಕು. ಆ ವಿಮಾನ ಸಂಜೆ ಇನ್ನೆರಡು ಊರುಗಳಿಗೆ ಹೋಗಬೇಕಿದ್ದರೆ ಅಲ್ಲಿಗೆ ಬದಲಿ ಹುಡುಕಬೇಕು. ಶಿಕಾರಿಪುರ, ಶಿರಾಳಕೊಪ್ಪ, ಸೊರಬಗಳಿಂದ ಬಂದವರಿಗೆ ಕಾಯಲು ಹೇಳಬೇಕೇ, ರಸ್ತೆಯಲ್ಲಿ ಕಳಿಸಬೇಕೇ ಎಂಬುದೂ ಇದೇ ಅಂದಾಜಿನ ಮೇಲೆ ನಿಂತಿದೆ. ಇಲ್ಲಿ ಅತಿ ದೊಡ್ಡ ದೋಷವೆಂದರೆ ದಾಕ್ಷಿಣ್ಯ. ಮೇಲಿನವರಿಗೆ ಬೇಸರವಾಗಬಾರದೆಂದು ‘ಇನ್ನರ್ಧ ಗಂಟೆ’ ಎಂದು ಹೇಳುತ್ತ, ಅರ್ಧರ್ಧ ಗಂಟೆಯನ್ನೇ ಪೋಣಿಸುತ್ತ ಇಡೀ ದಿನವನ್ನು ಕಳೆಯುವ ಸಂಯೋಜಕರಿಗಿಂತ, ಮೊದಲೇ ನಾಲ್ಕು ಗಂಟೆ ಎಂದು ಹೇಳಿ ಬೈಸಿಕೊಳ್ಳುವವರು ಎಲ್ಲರಿಗೂ ಹೆಚ್ಚು ಉಪಕಾರ ಮಾಡುತ್ತಾರೆ.

ಮಳೆಗಾಲವು ಈ ಲೆಕ್ಕಾಚಾರಗಳನ್ನು ಇನ್ನಷ್ಟು ಕಲಕುತ್ತದೆ. ಮಲೆನಾಡಿನ ಅಂಚಿನಲ್ಲಿ ಮೋಡ ಕೆಳಗಿಳಿದು ರನ್‌ವೇ ಕಾಣದಿದ್ದರೆ ವಿಮಾನ ಇಳಿಯದೆ ಬೆಂಗಳೂರಿಗೆ ಮರಳುತ್ತದೆ, ಆಗ ಸೋಗಾನೆಯಲ್ಲಿ ಮಾಡಬೇಕೆಂದು ಇಟ್ಟ ಕೆಲಸವೂ ಅದಕ್ಕಾಗಿ ಕಾಯುತ್ತಿದ್ದ ಮನುಷ್ಯನೂ ವ್ಯರ್ಥ. ಹಕ್ಕಿಗಳ ವಿಷಯವೂ ಹಾಗೆಯೇ. ಗುಡವಿ ಪಕ್ಷಿಧಾಮವಿರುವ ಸೊರಬ ಸೀಮೆಯೂ ಸೇರಿದಂತೆ ಇದು ಕೆರೆಗಳ ನಾಡು. ಕೆರೆಯಿದ್ದಲ್ಲಿ ನೀರುಹಕ್ಕಿ ಇರುತ್ತದೆ, ಪ್ರೊಪೆಲ್ಲರಿಗೋ ಎಂಜಿನ್‌ಗೋ ಹಕ್ಕಿ ಬಡಿಯಿತೆಂಬ ಅನುಮಾನ ಬಂದರೂ ನಿಗದಿತ ಪರೀಕ್ಷೆ ಮುಗಿಯದೆ ವಿಮಾನವನ್ನು ಬಿಡುವಂತಿಲ್ಲ.

ಹಠಾತ್ ದೋಷಗಳು ಈ ವೃತ್ತಿಯ ಒಂದು ಮುಖವಾದರೆ, ಮೊದಲೇ ಗೊತ್ತಿರುವ ತಪಾಸಣೆಗಳು ಇನ್ನೊಂದು ಮುಖ. ವಿಮಾನದ ವಯಸ್ಸನ್ನು ವರ್ಷಗಳಲ್ಲಿ ಮಾತ್ರವಲ್ಲದೆ ಹಾರಿದ ಗಂಟೆಗಳಲ್ಲಿ ಮತ್ತು ಏರಿಳಿದ ಸಂಖ್ಯೆಯಲ್ಲಿಯೂ ಎಣಿಸಲಾಗುತ್ತದೆ. ಒಂದು ಏರು ಮತ್ತು ಒಂದು ಇಳಿವು ಸೇರಿದರೆ ಒಂದು ‘ಸೈಕಲ್’. ಬೆಂಗಳೂರು-ಶಿವಮೊಗ್ಗದಂತಹ ಕಿರುದಾರಿಯಲ್ಲಿ ಓಡುವ ವಿಮಾನಕ್ಕೆ ಗಂಟೆಗಳಿಗಿಂತ ಸೈಕಲ್‌ಗಳು ಬೇಗ ತುಂಬುತ್ತವೆ. ಪ್ರತಿ ಹಾರಾಟದಲ್ಲಿಯೂ ಒಳಗಿನ ಒತ್ತಡದಿಂದ ಒಡಲು ಹಿಗ್ಗಿ ಕುಗ್ಗುವುದರಿಂದ ಲೋಹ ದಣಿಯುತ್ತದೆ. 1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ನಡುವೆ ಹಾರುತ್ತಿದ್ದ ಅಲೋಹಾ ಕಂಪನಿಯ ಬೋಯಿಂಗ್ 737ರ ಛಾವಣಿಯ ದೊಡ್ಡ ಭಾಗ ಕಿತ್ತುಹೋದಾಗ ಆ ವಿಮಾನ 89 ಸಾವಿರಕ್ಕೂ ಹೆಚ್ಚು ಸೈಕಲ್‌ಗಳನ್ನು ಪೂರೈಸಿತ್ತು. ಈ ಎಣಿಕೆಯ ಮೇಲೆ ನಿಗದಿಯಾಗುವ ತಪಾಸಣೆಗಳ ಪೈಕಿ ಎ-ಚೆಕ್ ಎಂಬ ಹಗುರ ತಪಾಸಣೆ ಒಂದು ರಾತ್ರಿಯಲ್ಲಿ ಮುಗಿಯಬಹುದು. ಸಿ-ಚೆಕ್ ಎಂಬ ದೊಡ್ಡ ತಪಾಸಣೆಗೆ ವಿಮಾನವನ್ನು ಹಲವು ದಿನ ಅಥವಾ ವಾರಗಳ ಕಾಲ ಹ್ಯಾಂಗರಿನಲ್ಲಿ ಬಿಚ್ಚಿಡಬೇಕಾಗುತ್ತದೆ. ಕರ್ನಾಟಕದ ಗಡಿಗೆ ತಾಗಿದ ಹೊಸೂರಿನಲ್ಲಿ, ಕನ್ನಡ ಮಾತು ಇಂದಿಗೂ ಕೇಳಿಬರುವ ಊರಿನಲ್ಲಿ, ಏರ್ ವರ್ಕ್ಸ್ ಸಂಸ್ಥೆಯ ಹ್ಯಾಂಗರುಗಳಿರುವುದನ್ನು ಇಲ್ಲಿ ನೆನೆಯಬಹುದು. ಗಡುವು ಮೀರದಂತೆ, ಆದರೆ ಗಡುವಿಗೆ ಬಹಳ ಮೊದಲೇ ನಿಲ್ಲಿಸಿ ಕಂಪನಿಗೆ ನಷ್ಟವೂ ಆಗದಂತೆ, ವಿಮಾನವನ್ನು ಸರಿಯಾದ ರಾತ್ರಿ ಸರಿಯಾದ ಊರಿಗೆ ತಲುಪಿಸುವುದು ಸಂಯೋಜಕರ ನಿತ್ಯದ ಚದುರಂಗ.

ಇಷ್ಟಾದರೂ ಈ ವೃತ್ತಿಯ ಅತ್ಯಂತ ಸೂಕ್ಷ್ಮ ಗಳಿಗೆ ಯಾವುದೆಂದರೆ ಪಾಳಿ ಬದಲಾಗುವ ಗಳಿಗೆ. 1991ರ ಸೆಪ್ಟೆಂಬರ್ 11ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಈಗಲ್ ಲೇಕ್ ಬಳಿ ಕಾಂಟಿನೆಂಟಲ್ ಎಕ್ಸ್‌ಪ್ರೆಸ್ ಕಂಪನಿಯ ಸಣ್ಣ ಪ್ರೊಪೆಲ್ಲರ್ ವಿಮಾನವೊಂದು ಇಳಿಯಲು ಬರುತ್ತಿದ್ದಾಗ ಗಾಳಿಯಲ್ಲಿಯೇ ಒಡೆದು 14 ಜನರೂ ಸತ್ತರು. ಹಿಂದಿನ ರಾತ್ರಿ ಹ್ಯಾಂಗರಿನಲ್ಲಿ ಅದರ ಬಾಲದ ಅಡ್ಡರೆಕ್ಕೆಯ ಮುಂಚೂಣಿಗೆ ಅಂಟಿಸಿದ್ದ, ಹಿಮ ಕಟ್ಟದಂತೆ ತಡೆಯುವ ರಬ್ಬರಿನ ಹೊದಿಕೆಯನ್ನು ಬದಲಿಸುವ ಕೆಲಸ ನಡೆದಿತ್ತು. ಸಂಜೆಯ ಪಾಳಿಯವರು ಎರಡೂ ಬದಿಯ ಮೇಲುಭಾಗದ ತಿರುಪುಗಳನ್ನು ಬಿಚ್ಚಿದರು; ರಾತ್ರಿ ಪಾಳಿಯವರು ಬಲಬದಿಯ ಕೆಲಸ ಮಾತ್ರ ಮುಗಿಸಿ, ಎಡಬದಿಯಲ್ಲಿಯೂ ತಿರುಪು ಬಿಚ್ಚಲಾಗಿದೆಯೆಂಬುದನ್ನು ಅರಿಯದೆ ವಿಮಾನವನ್ನು ಬೆಳಗಿನ ಹಾರಾಟಕ್ಕೆ ಬಿಟ್ಟರು. ಎಡಬದಿಯ 47 ತಿರುಪುಗಳು ಇರಲೇ ಇಲ್ಲ. ಬಾಲ ಎತ್ತರದಲ್ಲಿದ್ದುದರಿಂದ ನೆಲದಲ್ಲಿ ನಿಂತವರಿಗೆ ಅದು ಕಾಣಲೂ ಇಲ್ಲ. ತನಿಖೆಯಲ್ಲಿ ಹೊರಬಂದ ಒಂದು ಸಂಗತಿ ಈ ವೃತ್ತಿಯವರೆಲ್ಲರೂ ಮನಸ್ಸಿಗೆ ತಂದುಕೊಳ್ಳಬೇಕಾದದ್ದು: ರಾತ್ರಿ ಪಾಳಿಯ ಪರಿಶೀಲಕರೊಬ್ಬರು ಶ್ರದ್ಧೆಯಿಂದ ಬೇಗನೆ ಬಂದು ಹಿಂದಿನ ಪಾಳಿಯ ಟಿಪ್ಪಣಿಯನ್ನು ಓದಿಕೊಂಡಿದ್ದರು, ಆದರೆ ಹಿಂದಿನವರು ಆ ವಿಮಾನದ ಬಗ್ಗೆ ಅದರಲ್ಲಿ ಬರೆದದ್ದು ಇವರು ಓದಿದ ಮೇಲೆ. ಬೇಗ ಬಂದದ್ದೇ ಮುಳುವಾಯಿತು. ತನಿಖಾ ಮಂಡಳಿಯ ಸದಸ್ಯರಾಗಿದ್ದ ಜಾನ್ ಲಾಬರ್ ಅವರು ಭಿನ್ನಾಭಿಪ್ರಾಯ ದಾಖಲಿಸಿ, ತಪ್ಪು ಕೆಲವು ಮೆಕ್ಯಾನಿಕ್‌ಗಳದ್ದಷ್ಟೇ ಅಲ್ಲ, ನಿಯಮ ಪಾಲನೆಯ ಸಂಸ್ಕೃತಿಯನ್ನು ಬೆಳೆಸದ ಆಡಳಿತದ್ದೂ ಹೌದು ಎಂದು ವಾದಿಸಿದರು. ಸುರಕ್ಷತೆಯನ್ನು ವ್ಯಕ್ತಿಗಳ ಎಚ್ಚರಕ್ಕೆ ಮಾತ್ರ ಬಿಡದೆ ಸಂಸ್ಥೆಗಳ ನಡವಳಿಕೆಯಲ್ಲಿ ಹುಡುಕುವ ಇಂದಿನ ಚಿಂತನೆಗೆ ಆ ಟಿಪ್ಪಣಿ ಬಲ ಕೊಟ್ಟಿತು.

ಆದುದರಿಂದಲೇ ಈ ವೃತ್ತಿಯಲ್ಲಿ ಬರೆಯದ ಕೆಲಸವನ್ನು ಮಾಡದ ಕೆಲಸವೆಂದೇ ಎಣಿಸುತ್ತಾರೆ. ಏನು ಮಾಡಲಾಯಿತು ಎಂಬುದರ ಜೊತೆಗೆ ಯಾರು ಮಾಡಿದರು, ಏನು ಉಳಿಯಿತು ಎಂಬುದೂ ಹೆಸರು ಸಮೇತ ದಾಖಲಾಗಬೇಕು. ಶಿಕಾರಿಪುರ ತಾಲ್ಲೂಕಿನವರಿಗೆ ಈ ಶಿಸ್ತು ಅಪರಿಚಿತವೇನಲ್ಲ. ಅಲ್ಲಿನ ತಾಳಗುಂದದ ಕದಂಬರ ಸ್ತಂಭಶಾಸನದಲ್ಲಿ ಕಾವ್ಯ ರಚಿಸಿದ ಕುಬ್ಜನು ಅದನ್ನು ಕಲ್ಲಿನಲ್ಲಿ ಬರೆದವನೂ ತಾನೇ ಎಂಬುದನ್ನು ದಾಖಲಿಸಿದ್ದಾನೆ. ರಾಜವಂಶದ ಕೀರ್ತಿಯ ನಡುವೆ ಕೆಲಸಗಾರನ ಹೆಸರಿಗೂ ಜಾಗ ಸಿಕ್ಕದ್ದರಿಂದ, ಶತಮಾನಗಳ ನಂತರವೂ ಆ ಕೆಲಸದ ಹೊಣೆ ಯಾರದೆಂಬುದು ತಿಳಿಯುತ್ತದೆ. ಟೆಕ್ ಲಾಗ್ ಬಯಸುವುದೂ ಇಷ್ಟನ್ನೇ.

ಕನ್ನಡ ನಾಡಿನಲ್ಲಿ ವಿಮಾನ ದುರಸ್ತಿಯ ಪರಂಪರೆ ಬಹುತೇಕ ಯುದ್ಧದ ಕೂಸು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ವಿಮಾನ ತಯಾರಿಕೆಗೆಂದು ಹುಟ್ಟಿದರೂ, 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ವಶಕ್ಕೆ ಹೋಗಿ 84ನೇ ಏರ್ ಡಿಪೋ ಎಂಬ ಹೆಸರಿನಲ್ಲಿ, ಯುದ್ಧವಿಮಾನಗಳನ್ನು ಬಿಚ್ಚಿ ಸರಿಪಡಿಸುವ ಬೃಹತ್ ಕೇಂದ್ರವಾಯಿತು. ಯುದ್ಧ ಮುಗಿದ ಮೇಲೆ ಉಳಿದ ಡಕೋಟ ವಿಮಾನಗಳನ್ನು ಪ್ರಯಾಣಿಕರಿಗೆ ಯೋಗ್ಯವಾಗುವಂತೆ ಮಾರ್ಪಡಿಸಿದ್ದು ಇದೇ ಕಾರ್ಖಾನೆ. ಕಾನ್ಪುರದಲ್ಲಿ ಗುಜರಿಯಾಗಿ ಬಿದ್ದಿದ್ದ ಹತ್ತಾರು ಲಿಬರೇಟರ್ ಬಾಂಬರುಗಳನ್ನು ಹಾರುವಷ್ಟರ ಮಟ್ಟಿಗೆ ಅಲ್ಲಿಯೇ ರಿಪೇರಿ ಮಾಡಿ, ಬೆಂಗಳೂರಿಗೆ ಹಾರಿಸಿ ತಂದು, ಪೂರ್ಣವಾಗಿ ದುರಸ್ತಿಗೊಳಿಸಿ ವಾಯುಪಡೆಗೆ ಕೊಟ್ಟದ್ದೂ ಇದೇ ಕಾರ್ಖಾನೆಯವರು. 1948ರ ಕೊನೆಯ ಹೊತ್ತಿಗೆ ಅವುಗಳಲ್ಲಿ ಮೊದಲಿನವು ಸೇವೆಗೆ ಇಳಿದಿದ್ದವು. ಯಾವ ವಿಮಾನದ ಯಾವ ಭಾಗ ಯಾವುದಕ್ಕೆ ಸೇರಿತು ಎಂಬ ಲೆಕ್ಕವಿಡದೆ ಇಂತಹ ಸಾಹಸ ಸಾಧ್ಯವೇ ಇರಲಿಲ್ಲ. ಆಗ ಆ ಕೆಲಸಕ್ಕೆ ಇಂದಿನ ಹುದ್ದೆಯ ಹೆಸರು ಇರಲಿಲ್ಲವಷ್ಟೆ.

ಈ ಹುದ್ದೆಗೆ ಬರುವವರಲ್ಲಿ ಹಲವರು ವಿಮಾನ ನಿರ್ವಹಣಾ ಎಂಜಿನಿಯರಿಂಗ್ ಓದಿದವರು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಓದಿ, ಡಿಜಿಸಿಎ ಮಾನ್ಯತೆಯ ಸಂಸ್ಥೆಯಲ್ಲಿ ತರಬೇತಿ ಪಡೆದು, ಪರೀಕ್ಷೆ ಮತ್ತು ಅನುಭವದ ಮೆಟ್ಟಿಲುಗಳನ್ನು ಹತ್ತಿ ಪರವಾನಗಿ ಗಳಿಸುವುದು ಆ ದಾರಿ. ಮಾನ್ಯತೆ ಇಲ್ಲದ ಸಂಸ್ಥೆಗಳ ಜಾಹೀರಾತೂ ಊರೂರಿಗೆ ತಲುಪುವುದರಿಂದ, ಡಿಜಿಸಿಎ ಪ್ರಕಟಿಸುವ ಪಟ್ಟಿಯನ್ನು ನೋಡದೆ ಶುಲ್ಕ ಕಟ್ಟುವುದು ಜಾಣತನವಲ್ಲ. ಪರವಾನಗಿಯಿಲ್ಲದವರು ದಾಖಲೆ, ಯೋಜನೆ, ಉಗ್ರಾಣ ವಿಭಾಗಗಳಿಂದ ಮೇಲೆ ಬರುವುದೂ ಉಂಟು.

ಇವರಿಗೆ ಕೆಲಸ ಎಲ್ಲಿ ಸಿಗುತ್ತದೆ ಎಂಬುದು ಮುಂದಿನ ಪ್ರಶ್ನೆ. ವಿಮಾನ ನಿರ್ವಹಣಾ ಸೇವೆಗಳ ಮೇಲಿನ ಜಿಎಸ್‌ಟಿ 2020ರ ಏಪ್ರಿಲ್‌ನಲ್ಲಿ ಶೇಕಡಾ 18ರಿಂದ 5ಕ್ಕೆ ಇಳಿದದ್ದು, 2024ರ ಜುಲೈನಿಂದ ಬಿಡಿಭಾಗಗಳ ಆಮದಿಗೂ ಶೇಕಡಾ 5ರ ಏಕರೂಪ ದರ ಬಂದದ್ದು, ವಿದೇಶಕ್ಕೆ ಹೋಗುತ್ತಿದ್ದ ಕೆಲಸವನ್ನು ದೇಶದೊಳಗೆ ಉಳಿಸುವ ಉದ್ದೇಶದ ಕ್ರಮಗಳು. ಅವುಗಳ ಲಾಭ ಸದ್ಯಕ್ಕೆ ಬೆಂಗಳೂರು, ಹೈದರಾಬಾದುಗಳಂತಹ ನಗರಗಳಿಗೆ. ಸೋಗಾನೆಯ ರನ್‌ವೇ 3 ಕಿ.ಮೀ.ಗೂ ಉದ್ದವಿದ್ದು ಏರ್‌ಬಸ್‌ನಂತಹ ದೊಡ್ಡ ವಿಮಾನಗಳಿಗೂ ಸಾಲುವಂತಿದೆ. ಆದರೆ ಹ್ಯಾಂಗರುಗಳು ರನ್‌ವೇಯ ಉದ್ದ ನೋಡಿ ಹುಟ್ಟುವುದಿಲ್ಲ, ರಾತ್ರಿ ವಿಮಾನಗಳು ಎಲ್ಲಿ ತಂಗುತ್ತವೆ ಎಂಬುದನ್ನು ನೋಡಿ ಹುಟ್ಟುತ್ತವೆ. ಕೊನೆಯ ಹಾರಾಟ ಮುಗಿಸಿದ ಎರಡು ಮೂರು ವಿಮಾನಗಳಾದರೂ ಶಿವಮೊಗ್ಗದಲ್ಲಿ ಬೆಳಗಿನ ತನಕ ನಿಲ್ಲುವಂತಾದ ದಿನ ಅಲ್ಲಿಗೆ ಎಂಜಿನಿಯರ್‌ಗಳ ಪಾಳಿ, ಉಗ್ರಾಣ, ಕಡೆಗೆ ಸಂಯೋಜಕರ ಮೇಜು ಒಂದರ ಹಿಂದೊಂದು ಬರುತ್ತವೆ. ಅಲ್ಲಿಯ ತನಕ ಶಿಕಾರಿಪುರ, ಸೊರಬಗಳಿಂದ ಈ ವೃತ್ತಿಗೆ ಸೇರುವವರು ದುಡಿಯಬೇಕಾದದ್ದು ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಯಲ್ಲಿಯೋ ಹೊಸೂರಿನಲ್ಲಿಯೋ.